ಮೂರನೇ ನಂಬರಿನ ಕೋಣೆ

ಬೆಲೆಚೀಟಿ ಕಾಣದ ಹಾಗೆ ದಿಂಬನ್ನು ಪಕ್ಕಕ್ಕೆ ಸರಿಸಿ, ಖಾಲಿ ಕಪ್ಪನ್ನು ತುಟಿಯ ಹತ್ತಿರ ಹಿಡಿದು, ಅವಳು ಇನ್ನೊಂದು ಕೈಯಲ್ಲಿ ಮೊಬೈಲು ಎತ್ತಿದಳು. ಅವಳು ಕೆಲಸಕ್ಕಿದ್ದ ಫರ್ನಿಚರ್ ಅಂಗಡಿಗೆ ಮಧ್ಯಾಹ್ನದ ಹೊತ್ತು ಗಿರಾಕಿಗಳು ಕಡಿಮೆ, ಮಾಲೀಕರೂ ಊಟಕ್ಕೆ ಹೋಗಿದ್ದರು. ಗಿರಾಕಿಗಳಿಗೆ ತೋರಿಸಲೆಂದು ಅಂಗಡಿಯೊಳಗೇ ಸಿಂಗರಿಸಿಟ್ಟ ನಾಲ್ಕು ಕೋಣೆಗಳಲ್ಲಿ ಮೂರನೆಯದು ಅವಳಿಗೆ ಅಚ್ಚುಮೆಚ್ಚು. ಬಿಳಿ ಸೋಫಾ, ಉದ್ದ ಕಾಲಿನ ದೀಪ, ಯಾವತ್ತೂ ಬಾಡದ ಹೂವು. ಒಂದು ಕಿಟಕಿಯೂ ಇತ್ತು, ಪರದೆ ಸರಿಸಬಾರದು ಅಷ್ಟೆ.

ಈ ಫೋಟೊಗಳ ಆಟ ಶುರುವಾಗಿ ಒಂದೂವರೆ ವರ್ಷ. ಜೊತೆಗೆ ಓದಿದವರ ಫೋಟೊಗಳಲ್ಲಿ ಒಬ್ಬಳು ಸದಾ ಸಮುದ್ರದ ದಡದಲ್ಲಿ ನಿಂತಿರುತ್ತಿದ್ದಳು, ಇನ್ನೊಬ್ಬಳು ಹೊಸ ಮನೆಯ ಬೀಗದ ಕೈ ಹಿಡಿದು ನಗುತ್ತಿದ್ದಳು. ಮೂವರು ಸೇರಿ ಬೆಟ್ಟ ಹತ್ತಿ ಬಂದ ಮೇಲೆ, 'ನಿನ್ನನ್ನೂ ಕರೀಬೇಕು ಅಂದ್ಕೊಂಡ್ವಿ ಕಣೇ' ಎಂದು ಬರೆದಿದ್ದರು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕೂತು ಅವಳು ಅದನ್ನೆಲ್ಲ ನೋಡಿ ನೋಡಿ ಒಳಗೇ ಬೆಂದಳು. ಎಲ್ಲರೂ ಮುಂದೆ ಹೋದರು, ಹಿಂದೆ ಉಳಿದವಳು ತಾನೊಬ್ಬಳೇ. ಒಂದು ದಿನ ಬೇಸರಕ್ಕೆ ಮೂರನೇ ಕೋಣೆಯಲ್ಲಿ ತೆಗೆದ ಫೋಟೊ ಹಾಕಿದಳು. 'ಮನೆ ಎಷ್ಟು ಚೆನ್ನಾಗಿದೆ ಕಣೇ!' ಎಂದು ಯಾರೋ ಬರೆದರು. ಅಲ್ಲ ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಗಂಡ ಮಾತ್ರ, "ಆ ಮನೆಗೆ ನನ್ನನ್ನೂ ಒಂದಿನ ಕರ್ಕೊಂಡು ಹೋಗಮ್ಮ" ಎಂದು ಕಾಲೆಳೆದಿದ್ದ. ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ಇವತ್ತು ಫೋಟೊ ತೆಗೆಯಬೇಕು ಎನ್ನುವಾಗ ಮೊಬೈಲು ರಿಂಗಾಯಿತು. ದೂರದ ಊರಿನಲ್ಲಿರುವ ತಂಗಿಯ ನಂಬರು. ದನಿ ಮಾತ್ರ ತಂಗಿಯ ಆರು ವರ್ಷದ ಮಗಳದು.

"ದೊಡ್ಡಮ್ಮಾ, ನಾಳೆ ನನ್ನ ಕಾಲಿನ ಪ್ಲಾಸ್ಟರ್ ಬಿಚ್ತಾರೆ!"

"ಯಾವ ಪ್ಲಾಸ್ಟರೇ? ಅಮ್ಮ ಎಲ್ಲಿ?"

"ಸ್ನಾನ ಮಾಡ್ತಿದಾಳೆ. ನಾವು ನಿಮ್ಮೂರಲ್ಲೇ ಇದ್ದೀವಿ. ಹೋದ ಸಲ ಇದ್ವಲ್ಲ, ದೊಡ್ಡಾಸ್ಪತ್ರೆ ಎದುರಿನ ಲಾಡ್ಜು, ಅಲ್ಲೇ. ಅಯ್ಯೋ, ನಿಮಗೆ ಹೇಳ್ಬಾರ್ದಂತೆ." ಫೋನು ಕಟ್ಟಾಯಿತು.

ದಿನಕ್ಕೆ ಎರಡು ಸಲ ಅವಳ ಬಸ್ಸು ಆ ಲಾಡ್ಜಿನ ಮುಂದೆಯೇ ಹೋಗುತ್ತದೆ. ಮಾಲೀಕರು ಬರುವುದನ್ನೇ ಕಾದು, ಅರ್ಧ ದಿನ ರಜೆ ಹೇಳಿ ಹೊರಟಳು.

ಲಾಡ್ಜಿನವನು ತೋರಿಸಿದ್ದು ಎರಡನೇ ಮಹಡಿಯ ಕೊನೆಯ ರೂಮು. ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದ ಮೇಲೆ ಮಗುವಿನ ಫ್ರಾಕು ಒಣಗುತ್ತಿತ್ತು. ತಂಗಿ ಅಕ್ಕನನ್ನು ಕಂಡು ಬೆಚ್ಚಿದಳು. ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆಗಳನ್ನು ಅವಸರದಲ್ಲಿ ಬಾಚಿ ತೆಗೆದು, ಟವೆಲ್ಲಿನಿಂದ ಎರಡೆರಡು ಸಲ ಒರೆಸಿದಳು.

"ಕೂತ್ಕೋ ಅಕ್ಕ. ಇಲ್ಲೆಲ್ಲ ಧೂಳು."

ಒಂದೇ ಹೊದಿಕೆಗಾಗಿ ಕಿತ್ತಾಡಿ ಬೆಳೆದವರು. ಈಗ ತಂಗಿ ತನಗೆ ಕುರ್ಚಿ ಒರೆಸುತ್ತಿದ್ದಳು. ಅಕ್ಕ ಕೂರಲಿಲ್ಲ.

"ನಮ್ಮೂರಿಗೆ ಬಂದು ಲಾಡ್ಜಲ್ಲಿ ಇರೋದಾ? ನಾನೇನು ಸತ್ತು ಹೋಗಿದ್ನಾ?"

"ಹೋದ ತಿಂಗಳು ಇವಳ ಕಾಲಿಗೋಸ್ಕರ ಹನ್ನೊಂದು ದಿನ ಇದ್ವಿ ಅಕ್ಕ. ಇವಳಪ್ಪಂಗೆ ರಜೆ ಸಿಗ್ಲಿಲ್ಲ, ನಾನೊಬ್ಳೇ. ನಿಂಗೆ ಫೋನ್ ಮಾಡೋಣ ಅಂತ ಎಷ್ಟು ಸಲ ಅಂದ್ಕೊಂಡೆ. ನಿನ್ನ ಬಿಳಿ ಸೋಫಾ ನೋಡಿ ಧೈರ್ಯ ಸಾಲ್ಲಿಲ್ಲ. ಇವಳು ಔಷಧಿ ಕುಡಿದ್ರೆ ಕಕ್ಕೋಳು. ಅಂಥ ಮನೇಲಿ ಹೇಗೆ ಇಟ್ಕೊಳ್ಲಿ?"

ಫೋಟೊದ ಆ ಹೊಸ ಮನೆಗೆ ತಂಗಿ ಒಮ್ಮೆಯೂ ಬಂದಿರಲಿಲ್ಲ. ಬಾ ಎಂದು ಅಕ್ಕ ಕರೆದಿದ್ದರೆ ತಾನೇ? ಈಗಲೂ, 'ಸೋಫಾಕ್ಕೆ ಕವರ್ ಹಾಕಿದ್ರಾಗ್ತಿತ್ತು' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಆ ಸೋಫಾ ನಂದಲ್ಲ ಕಣೇ. ಅಂಗಡೀದು. ಮನೇನೇ ನಂದಲ್ಲ."

"ಕೆಲಸದವ್ರಿಗೆ ಕಮ್ಮಿ ಬೆಲೆಗೆ ಕೊಟ್ಟಿರ್ತಾರೆ ಅಂದ್ಕೊಂಡಿದ್ದೆ" ಎಂದ ತಂಗಿ ತನ್ನ ಮೊಬೈಲು ತೆಗೆದು ಒಂದೊಂದೇ ಫೋಟೊ ನೋಡತೊಡಗಿದಳು.

"ಈ ಕಿಟಕಿ?"

"ಹಿಂದೆ ಗೋಡೆ."

"ಹೂವು?"

"ಪ್ಲಾಸ್ಟಿಕ್ಕು."

ಮಂಚದ ಮೇಲಿದ್ದ ಮಗು ಕಿಸಕ್ಕನೆ ನಕ್ಕಿತು. ತಂಗಿ ನಗಲಿಲ್ಲ. ಒಂದು ಫೋಟೊದ ಹತ್ತಿರ ಅವಳ ಬೆರಳು ನಿಂತಿತು.

"ಇದನ್ನ ಹಾಕಿದ ದಿನ ಇವಳಿಗೆ ಆಪರೇಷನ್ನು. ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕ್ಬಿಟ್ರು. ಬೆಂಚ್ ಮೇಲೆ ಕೂತು ಏನು ಮಾಡ್ಬೇಕು ಅಂತಾನೇ ಗೊತ್ತಾಗ್ದೆ ಫೋನ್ ತೆಗೆದೆ. ನೀನು ಕಪ್ ಹಿಡ್ಕೊಂಡು ನಗ್ತಿದ್ದೆ. ಸದ್ಯ, ನಮ್ಮಿಬ್ಬರಲ್ಲಿ ಒಬ್ಳಾದ್ರೂ ಸುಖವಾಗಿದ್ದಾಳಲ್ಲ ಅನ್ನಿಸ್ತು. ಲೈಕ್ ಒತ್ತಿದೆ. ಮೊದಲನೇ ಲೈಕು ನಂದೇ."

ಅಕ್ಕ ಮಂಚದ ಮೇಲೆ ಮಗುವಿನ ಪಕ್ಕ ಕೂತು, "ಈಗ್ಲಾದ್ರೂ ಮನೆಗೆ ಬಾರೇ. ಎರಡೇ ರೂಮು, ಕೆಳಗೆ ಟೈರ್ ಅಂಗಡಿ ಗಲಾಟೆ. ಆದ್ರೂ ಬಾ" ಎಂದಳು.

"ನಾಳೆ ಸಂಜೆ ಬಸ್ಸಿಗೆ ಟಿಕೆಟ್ ಆಗಿದೆ ಅಕ್ಕ. ಇವಳನ್ನ ಎತ್ಕೊಂಡು ಅಲ್ಲಿ ಇಲ್ಲಿ ಓಡಾಡೋಕೆ ಆಗಲ್ಲ. ಇನ್ನೊಂದ್ಸಲ ಬರ್ತೀನಿ, ಬೇಜಾರು ಮಾಡ್ಕೋಬೇಡ."

ತಂಗಿ ಜಗಳವಾಡಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಅವಳೋ ಮೆಟ್ಟಿಲಿನ ತನಕ ಬಂದು ಮರ್ಯಾದೆಯಿಂದ ಬೀಳ್ಕೊಟ್ಟಳು.

ಬಸ್ಸಿನಲ್ಲಿ ಕೂತು ಅವಳು ಆಪರೇಷನ್ ದಿನದ ಆ ಫೋಟೊ ತೆರೆದಳು. ಅರವತ್ತೆರಡು ಲೈಕು. ಆ ದಿನ ಅಡುಗೆಮನೆಯಲ್ಲಿ ನಿಂತು, ಸಮುದ್ರದ ದಡದವಳು ಒತ್ತಿದಳೋ ಇಲ್ಲವೋ ಎಂದು ಹತ್ತಾರು ಸಲ ನೋಡಿದ್ದು ನೆನಪಾಯಿತು. ಅವಳು ಒತ್ತಿರಲಿಲ್ಲ. ಪಟ್ಟಿಯ ಮೇಲಿನ ಹೆಸರುಗಳು ಬಾಯಿಪಾಠವಾಗಿದ್ದವು, ಕೆಳಗೆ ಎಂದೂ ಇಳಿದಿರಲಿಲ್ಲ. ಹೆಬ್ಬೆರಳಿನಿಂದ ಜಾರಿಸುತ್ತ ಹೋದಳು. ಎಲ್ಲರಿಗಿಂತ ಕೆಳಗೆ, ಮೊದಲು ಒತ್ತಿದವರ ಜಾಗದಲ್ಲಿ, ಗುಂಡನೆಯ ಪುಟ್ಟ ಚಿತ್ರದಲ್ಲಿ, ಮಗಳನ್ನು ಎತ್ತಿಕೊಂಡ ತಂಗಿ ಇದ್ದಳು.

ಫೋಟೊ ಅಳಿಸಲೆಂದು ಅವಳು ಬೆರಳು ಇಟ್ಟಳು. ಅಳಿಸಿದರೆ ತಂಗಿಯ ಲೈಕೂ ಹೋಗುತ್ತದೆ. ಬೆರಳು ತೆಗೆದಳು. ಮುಂದಿನ ನಿಲ್ದಾಣದಲ್ಲಿ ಬಸ್ಸು ನಿಂತಿತು, ಯಾರೂ ಹತ್ತಲಿಲ್ಲ, ಬಾಗಿಲು ಮತ್ತೆ ಮುಚ್ಚಿಕೊಂಡಿತು.