ನವಿಲು, ಮದುಮಗಳು, ಎರಕ

ಹಳೆಯ ನಾಣ್ಯಗಳ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಒಂದು ವರ್ಷ ಅವಳಿಗೆ ಅಲ್ಲಿನ ಅರ್ಧ ಮಾತು ತಲೆಗೇ ಹೋಗುತ್ತಿರಲಿಲ್ಲ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಮುಂದಿನದರಲ್ಲಿ ವ್ಯಾಪಾರ. ಹಿಂದಿನದರಲ್ಲಿ ತ್ರಾಸು, ದೀಪ, ಭೂತಗನ್ನಡಿ, ಹರಾಜಿನ ಪಟ್ಟಿ ಟೈಪು ಮಾಡುವ ಅವಳ ಮೇಜು. ಮಾವ ಒಂದೊಂದೇ ನಾಣ್ಯವನ್ನು ಅಂಚು ಹಿಡಿದು ಎತ್ತಿ, ದೀಪಕ್ಕೆ ಓರೆ ಮಾಡಿ, ಹೆಸರಿಡುತ್ತಿದ್ದರು. ಹಳೆ ಬೆಳ್ಳಿಯ ಮೇಲೆ ನೀಲಿ, ನೇರಳೆ ಬಣ್ಣ ಕೂತಿದ್ದರೆ ಅದು ‘ನವಿಲು’. ಯಾರ ಕೈಯೂ ಸೋಕದೆ ಹೊಳೆಯುತ್ತಿದ್ದರೆ ‘ಮದುಮಗಳು’. ಒಂದು ಗೆರೆಯೂ ಸವೆಯದೆ ಉಬ್ಬೆಲ್ಲ ಎದ್ದು ನಿಂತಿದ್ದರೆ ‘ರಾಕ್ಷಸ’. ಆಸೆಬುರುಕ ಯಾರೋ ಉಜ್ಜಿ ಬೆಳಗಿ ಕೆಡಿಸಿಟ್ಟಿದ್ದರೆ ‘ಮುಖ ತೊಳೆದದ್ದು’.

ಮಾವನ ಬಾಯಿಗೆ ಬಿದ್ದರೆ ಸಾಸಿವೆಕಾಳೂ ಬೆಟ್ಟವಾಗುತ್ತಿತ್ತು. ಅಚ್ಚಿನಿಂದ ನೇರ ನಮ್ಮ ಅಂಗೈಗೇ ಬಿದ್ದದ್ದು, ನಡುವೆ ಗಾಳಿಯೂ ಸೋಕಿಲ್ಲ ಎಂದು ಬರೆಸುವರು. ಇದನ್ನು ನೋಡಿದವರು ಮನೆ ದಾರಿ ಮರೆಯುತ್ತಾರೆ ಎಂದು ಬರೆಸುವರು. ಟೈಪು ಮಾಡುವಾಗ ಅವಳು ಅರ್ಧ ಕತ್ತರಿಸಿದರೆ, ಪೆನ್ನು ಹಿಡಿದು ಮತ್ತೆ ಸೇರಿಸುವರು. ನಾಣ್ಯ ಕೊಳ್ಳದವರೂ ಆ ಮಾತುಗಳ ರುಚಿಗಾಗಿ ಪಟ್ಟಿ ತರಿಸಿಕೊಳ್ಳುತ್ತಿದ್ದರು.

ಮಗ ಅಪ್ಪನಿಗೆ ತದ್ವಿರುದ್ಧ. ಅವನ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ‘ಪರವಾಗಿಲ್ಲ’. ಅಡುಗೆಗೆ ಪರವಾಗಿಲ್ಲ, ಹೊಸ ಬಟ್ಟೆಗೆ ಪರವಾಗಿಲ್ಲ. ಹೆಣ್ಣು ಹೇಗಿದ್ದಾಳೆ ಎಂದು ಮದುವೆಗೆ ಮೊದಲು ಗೆಳೆಯರು ಕೇಳಿದಾಗಲೂ ಅದನ್ನೇ ಅಂದಿದ್ದನಂತೆ. ಹನ್ನೊಂದು ವರ್ಷ ಸಂಸಾರ ಮಾಡಿ ಅವಳು ಬೇರೆ ಮಾತಿನ ಆಸೆಯನ್ನೇ ಬಿಟ್ಟಿದ್ದಳು.

ಒಂದು ಬೆಳಗ್ಗೆ ಮಾವ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಬಲಗಡೆಗೆ ಲಕ್ವ ಹೊಡೆದಿತ್ತು. ಮಾತು ಪೂರ್ತಿ ಹೋಗಿತ್ತು. ಎರಡು ವಾರವಾದ ಮೇಲೆ ನಾಲಿಗೆ ತಿರುಗಿತು, ಆದರೆ ನೀರು, ಅನ್ನ, ಮಗ ಎಂಬ ಯಾವ ಪದವೂ ಮರಳಲಿಲ್ಲ. ಅಂಗಡಿಯ ಮಾತುಗಳು ಮಾತ್ರ ಬಂದವು. ಕೆಲವರಿಗೆ ಹೀಗಾಗುತ್ತದೆ, ದಿನವೂ ಆಡಿ ಆಡಿ ರೂಢಿಯಾದದ್ದು ಉಳಿಯುತ್ತದೆ ಎಂದರು ಡಾಕ್ಟರು. ತಲೆಗೂದಲಿಗೆ ಕಪ್ಪು ಬಣ್ಣ ಬಳಿದುಕೊಂಡಿದ್ದ ಆ ಡಾಕ್ಟರನ್ನು ಮಾವ ಅಡಿಯಿಂದ ಮುಡಿಯವರೆಗೆ ನೋಡಿ, “ಮುಖ ತೊಳೆದದ್ದು” ಎಂದುಬಿಟ್ಟರು. ಅವಳು ನಗು ತಡೆಯಲಾಗದೆ ಹೊರಗೆ ಓಡಿದಳು. ಮಾವನ ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಗಟ್ಟಿಗಿತ್ತಿ ನರ್ಸು ‘ರಾಕ್ಷಸ’ ಆದಳು. ಸಂಜೆ ಮಾತ್ರೆ ತರುವ ಸೊಸೆಯನ್ನು ಕಂಡರೆ ಸೊಟ್ಟ ಬಾಯಲ್ಲೇ ನಕ್ಕು ‘ನವಿಲು’ ಅನ್ನುವರು. ಮನೆಯವರಿಗೆ ಬರಬರುತ್ತಾ ತಿಳಿಯಿತು: ಮುದುಕರು ಬಾಯಿಗೆ ಬಂದದ್ದು ಹೇಳುತ್ತಿಲ್ಲ. ನಾಣ್ಯ ನೋಡಿದ ಕಣ್ಣಲ್ಲೇ ಮನುಷ್ಯರನ್ನೂ ನೋಡುತ್ತಿದ್ದಾರೆ, ತಪ್ಪುವುದೂ ಇಲ್ಲ.

ಆ ದಿನಗಳಲ್ಲೇ ದೂರದ ಊರಿನಿಂದ ಕರೆ ಬಂತು. ನಿವೃತ್ತಿಯಾದ ಶಾಲಾ ಟೀಚರೊಬ್ಬರ ಅಣ್ಣ ತೀರಿಕೊಂಡು, ಪೆಟ್ಟಿಗೆಗಟ್ಟಲೆ ನಾಣ್ಯ ಬಿಟ್ಟುಹೋಗಿದ್ದರು. ನೋಡಿ ಆರಿಸಿಕೊಂಡು ಬರಲು ಗಂಡ ಹೋದ. ರೈಲಿನಲ್ಲಿ ಇಡೀ ಒಂದು ದಿನದ ದಾರಿ. ನಾಲ್ಕು ದಿನ ಎಂದವನು ಮರಳಿದ್ದು ಮೂರು ವಾರಕ್ಕೆ, ಒಂದು ಸೋಮವಾರ ಹೊತ್ತೇರಿದ ಮೇಲೆ.

ಕಿಟಕಿಯ ಪಕ್ಕ ಕೂತಿದ್ದ ಅಪ್ಪನ ಮುಂದೆ ಅವನು ಮಂಡಿಯೂರಿದ. ಮಾವ ಎಡಗೈ ಚಾಚಿ ಮಗನ ಕೆನ್ನೆ ಸವರಿದರು, ಗಲ್ಲ ಸವರಿದರು. ನಾಣ್ಯದ ಅಂಚಿನ ಮೇಲೆ ಬೆರಳಾಡಿಸುವ ಹಾಗೆ ಕಿವಿಯ ಸುತ್ತ ಹೆಬ್ಬೆರಳು ಆಡಿಸಿದರು. ಕೈ ಅಲ್ಲೇ ನಿಂತಿತು.

“ಎರಕ,” ಎಂದರು.

ಅಂಗಡಿಯಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ನಿಜವಾದ ನಾಣ್ಯವನ್ನು ಅಚ್ಚಿನ ನಡುವೆ ಇಟ್ಟು ಹೊಡೆದಿರುತ್ತಾರೆ. ಕಳ್ಳನಾಣ್ಯ ಮಾಡುವವನು ನಿಜದ್ದರ ಪಡಿಯಚ್ಚು ತೆಗೆದು, ಅದರೊಳಗೆ ಲೋಹ ಕರಗಿಸಿ ಸುರಿಯುತ್ತಾನೆ. ಹಾಗೆ ಎರಕ ಹೊಯ್ದದ್ದಕ್ಕೆ ಮುಖ ಅದೇ, ಅಕ್ಷರ ಅವೇ. ಗೆರೆಗಳು ಮಾತ್ರ ಬಳಸಿದ ಸೋಪಿನ ಹಾಗೆ ನುಣ್ಣಗಾಗಿರುತ್ತವೆ.

ಅವಳು ನಕ್ಕಳು. ಗಂಡನೂ ನಕ್ಕ. ಅವನು ಅಷ್ಟು ಜೋರಾಗಿ ನಕ್ಕದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ಊಟಕ್ಕೆ ಕೂತವನು ಮೊದಲ ತುತ್ತಿಗೇ ಕೈ ತಡೆದು, ಇಂಥ ಊಟ ಉಂಡು ಈಗಲೇ ಸತ್ತರೂ ಚಿಂತೆಯಿಲ್ಲ ಎಂದ. ಅವಳ ಕಣ್ಣು ತುಂಬಿ ಬಂತು. ತಟ್ಟೆ ತೊಳೆಯುವಾಗ ಮೈ ಜುಮ್ಮೆಂದಿತು. ಅದು ಬರೀ ಸಂತೋಷಕ್ಕಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತು.

ತಂದ ನಾಣ್ಯಗಳ ಪಟ್ಟಿಯನ್ನು ಅವನು ಮೇಜಿನ ಪಕ್ಕ ನಿಂತು ಬರೆಸಿದ. ನವಿಲು ಅಂದ, ಮದುಮಗಳು ಅಂದ, ಸೂರ್ಯನಿಗೆ ತೋರಿಸಿದರೆ ಸೂರ್ಯನೇ ಕಣ್ಣು ಮುಚ್ಚಿಕೊಳ್ಳುವ ಬಂಗಾರ ಅಂದ. ಮಾವನದೇ ಮಾತು, ಮಾವನದೇ ಏರಿಳಿತ. ಮನೆಯಲ್ಲೂ ಬಂಗಾರದಂಥ ಮನುಷ್ಯನಾಗಿದ್ದ. ಅಪ್ಪನಿಗೆ ಸ್ನಾನ ಮಾಡಿಸುವನು, ಮಗ್ಗುಲು ತಿರುಗಿಸುವನು, ಉಗುರು ಕತ್ತರಿಸುವನು. ಪ್ರತಿ ಸಲವೂ ಮುದುಕರು “ಎರಕ” ಅನ್ನುವರು. ಅವನ ಕೈಯಿಂದ ತುತ್ತು ಬಂದರೆ ಹಲ್ಲು ಕಚ್ಚಿಕೊಳ್ಳುವರು. ಅವನಿಗೆ ಒಂದು ದಿನವೂ ಸಿಟ್ಟು ಬರಲಿಲ್ಲ. ಮೊದಲಿನವನಾಗಿದ್ದರೆ ಎರಡನೆಯ ದಿನಕ್ಕೇ ಮುಖ ಗಂಟಿಕ್ಕುತ್ತಿದ್ದ.

‘ಮೊದಲಿನವನು’ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದಕ್ಕೆ ಅವಳು ಬೆಚ್ಚಿದಳು.

ಆಮೇಲೆ ನೋಡದಿರಲು ಆಗಲಿಲ್ಲ. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದ ಕಲೆ ಗಲ್ಲದ ಮೇಲೆ ಇತ್ತು, ಇದ್ದ ಜಾಗದಲ್ಲೇ ಇತ್ತು. ಅದರ ಅಂಚು ಮಾತ್ರ ಕರಗಿದ ಹಾಗಿತ್ತು. ಗಡ್ಡ ಹೆರೆದುಕೊಳ್ಳಲು ಅವನು ಕಿಟಕಿಯ ಬೆಳಕಿಗೆ ತಲೆ ಓರೆ ಮಾಡಿದಾಗ ಕಿವಿಯ ಒಳಮಡಿಕೆಗಳು ಕಂಡವು. ಆಳವಿಲ್ಲದ ಮಡಿಕೆಗಳು. ಮೊದಲೂ ಹಾಗೇ ಇದ್ದವೇ? ಎಷ್ಟು ನೆನೆದರೂ ನೆನಪಾಗಲಿಲ್ಲ. ಗಂಡನ ಕಿವಿಯನ್ನು ಯಾರು ನೋಡಿಟ್ಟುಕೊಂಡಿರುತ್ತಾರೆ!

ಪಟ್ಟಿ ಅಚ್ಚಿಗೆ ಹೋಗುವ ದಿನ ಹತ್ತಿರ ಬಂತು. ಎರಡು ನಾಣ್ಯಗಳನ್ನು ಟೀಚರ ಅಣ್ಣ ಎಲ್ಲಿ ಕೊಂಡದ್ದು ಎಂಬುದು ಬೇಕಿತ್ತು. ಗಂಡನನ್ನು ಕೇಳಿದರೆ ಮರೆತೇಹೋಯಿತು ಎಂದ. ನಡುಮಧ್ಯಾಹ್ನ ಅವಳು ಹಿಂದಿನ ಕೋಣೆಯಿಂದ ಟೀಚರ ಮನೆಗೇ ಫೋನ್ ಮಾಡಿದಳು. ಮುಂದಿನ ಕೋಣೆಯಲ್ಲಿ ಗಂಡ ಗಿರಾಕಿಯೊಬ್ಬರಿಗೆ ಬೆಳ್ಳಿ ನಾಣ್ಯ ತೋರಿಸಿ, ಇದು ರಾಕ್ಷಸನಿಗೂ ರಾಕ್ಷಸ ಎಂದು ಕೊಂಡಾಡುತ್ತಿದ್ದ. ಇಬ್ಬರ ನಗು ತೆರೆದ ಬಾಗಿಲಿನಿಂದ ಕೇಳುತ್ತಿತ್ತು.

ಟೀಚರು ಅವಳ ಪ್ರಶ್ನೆ ಪೂರ್ತಿ ಕೇಳಿಸಿಕೊಂಡು, “ನನಗೇನು ಗೊತ್ತಮ್ಮಾ, ಇರಿ, ನಿಮ್ಮ ಯಜಮಾನರಿಗೇ ಕೊಡ್ತೀನಿ. ಊಟಕ್ಕೂ ಏಳದೆ ಕೂತಿದಾರೆ” ಎಂದರು.

ಕುರ್ಚಿ ಸರಿದ ಸದ್ದು. ಚಪ್ಪಲಿ ಎಳೆಯುತ್ತಾ ಯಾರೋ ಬಂದರು.

“ಹೇಳು,” ಎಂದಿತು ಒಣ ದನಿ.

ಬೇರೇನೂ ತೋಚದೆ ಅವಳು ಆ ಎರಡು ನಾಣ್ಯಗಳ ಬಗ್ಗೆಯೇ ಕೇಳಿದಳು. ಅವನು ಕಾಗದ ಮಗುಚಿ, ಕೊಂಡ ಅಂಗಡಿ, ವರ್ಷ ಎರಡನ್ನೂ ಹೇಳಿದ. ಬರೆದುಕೊಂಡಳಾ ಎಂದು ನೋಡಲು ಎಂದಿನಂತೆ ಸ್ವಲ್ಪ ಕಾದ.

“ಅಪ್ಪ ಮಾತ್ರೆ ತಗೋತಿದಾರಾ?”

“ಹೂಂ.”

“ಇಲ್ಲಿ ಒಂದು ಪೆಟ್ಟಿಗೆ ಮುಗಿಸಿದ್ರೆ ಅದರ ಹಿಂದೆ ಇನ್ನೊಂದು ಸಿಗ್ತಾ ಇದೆ. ಬಂದು ನಾಲ್ಕು ದಿನ ಆಯ್ತಲ್ಲ, ಇಷ್ಟೊತ್ತಿಗೆ ಮುಗೀಬೇಕಿತ್ತು. ಬರೋದು ತಡ ಆಗಬಹುದು. ಪರವಾಗಿಲ್ವಾ?”

ಹೋದವನು ಹೊರಟು ಆರನೆಯ ವಾರ ನಡೆಯುತ್ತಿತ್ತು. ಬಾ ಎಂದರೆ ಅವನು ಆ ಸಂಜೆಯ ರೈಲಿಗೇ ಹೊರಡುತ್ತಿದ್ದ, ಅದು ಅವಳಿಗೆ ಗೊತ್ತಿತ್ತು. ಮುಂದಿನ ಕೋಣೆಯಿಂದ ಗಂಡ ಗಿರಾಕಿಗೆ, ಈ ಪಟ್ಟಿ ಬರೆಯುವವಳು ನನ್ನ ಹೆಂಡತಿ, ಅವಳ ಅಕ್ಷರ ಕಂಡರೆ ನಾಣ್ಯಕ್ಕೇ ಹೊಟ್ಟೆಕಿಚ್ಚು ಎನ್ನುವುದು ಕೇಳಿಸಿತು.

“ಪರವಾಗಿಲ್ಲ,” ಎಂದಳು ಅವಳು.

“ಸರಿ,” ಎಂದು ಅವನು ಫೋನ್ ಇಟ್ಟ.

ಅವಳು ಆ ಎರಡು ಸಾಲು ಟೈಪು ಮಾಡಿದಳು. ಯಾರ ಫೋನು ಎಂದು ಗಂಡ ಬಾಗಿಲಲ್ಲಿ ಇಣುಕಿ ಕೇಳಿದಾಗ, ಅಚ್ಚುಕೂಟದವರದು ಎಂದಳು.

ಸಂಜೆ ಮಾತ್ರೆ ಕೊಡಲು ಹೋದಾಗ ಮಾವ ಎಂದಿನಂತೆ ‘ನವಿಲು’ ಅನ್ನಲಿಲ್ಲ. ಅವಳ ಕೆನ್ನೆಗೆ ಎಡಗೈ ಚಾಚಿದವರು ಮುಟ್ಟುವ ಮೊದಲೇ ಹಿಂದಕ್ಕೆ ಎಳೆದುಕೊಂಡರು. ಯಾವ ಹೆಸರಿಡಬೇಕೋ ತಿಳಿಯದವರಂತೆ ಬಹಳ ಹೊತ್ತು ಅವಳನ್ನೇ ನೋಡಿದರು. ಅಂದಿನಿಂದ ಯಾರ ಬಗ್ಗೆಯೂ ಏನೂ ಅನ್ನಲಿಲ್ಲ. ಯಾರ ಕೈಯಿಂದ ತುತ್ತು ಬಂದರೂ ನುಂಗಿದರು.

ಎರಡು ತಿಂಗಳಿಗೆ ಅವರು ತೀರಿಕೊಂಡರು. ಅಂಥ ಮಗ ಲಕ್ಷಕ್ಕೊಬ್ಬ ಎಂದು ಬಂದವರೆಲ್ಲ ಹೊಗಳಿದರು. ಅವನು ಬಿಕ್ಕಿ ಬಿಕ್ಕಿ ಅತ್ತ, ಅವಳೇ ಬೆನ್ನು ಸವರಿ ಸಮಾಧಾನ ಮಾಡಿದಳು. ಕೆಲಸಗಳೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ, ಸುದ್ದಿ ತಿಳಿಸಬೇಕಾದವರು ಇನ್ನೂ ಒಬ್ಬರು ಉಳಿದಿದ್ದಾರೆ ಎಂಬುದು ಅವಳನ್ನು ಕೂತಲ್ಲಿ ಕೂರಲು ಬಿಡಲಿಲ್ಲ. ಗಂಡ ತರಕಾರಿಗೆಂದು ಹೊರಗೆ ಹೋದ ಹೊತ್ತು ನೋಡಿ ನಂಬರು ಒತ್ತಿದಳು.

“ಇರಿ ಅಮ್ಮಾ, ಕರೀತೀನಿ,” ಎಂದರು ಟೀಚರು.

ಆ ಕಡೆ ಕುರ್ಚಿ ಸರಿಯಿತು. ಹೆಜ್ಜೆಗಳು ಹತ್ತಿರ ಬಂದವು. ಅವನು ಫೋನು ಎತ್ತಿಕೊಳ್ಳುವ ಮೊದಲೇ ಅವಳು ಇಟ್ಟುಬಿಟ್ಟಳು.