ಎಷ್ಟು ಬಾಣಂತನ?

“ಮುಟ್ಟಬೇಡಮ್ಮಾ, ಅಲ್ಲೇ ನಿಲ್ಲು!” ಎಂದು ಚಟ್ಟದ ಬಿದಿರು ಬಿಗಿಯುತ್ತಿದ್ದ ಸಂಪತ್ ಕುಮಾರ ಅಂಗಳದಿಂದಲೇ ಕೂಗಿದ.

ಒಳಗೆ ಬಂದ ಹೆಂಗಸು ಅವನ ಅಪ್ಪನ ಹೆಣವನ್ನು ಮುಟ್ಟಲಿಲ್ಲ. ಬಾಗಿ, ಕಿವಿಯ ಕಡೆಗೆ ಏನೋ ಪಿಸುಗುಟ್ಟಿದಳು. ಉತ್ತರಕ್ಕೆ ಕಾಯುವವಳಂತೆ ಅರೆಗಳಿಗೆ ನಿಂತಳು. ಆಮೇಲೆ ಸರಿ ಎನ್ನುವಂತೆ ತಲೆಯಾಡಿಸಿ ಆಚೆ ಹೋದಳು.

ಬೆಳಗಿನಿಂದ ಇವಳು ಹದಿಮೂರನೆಯವಳು. ಒಬ್ಬಳೂ ಅಳಲಿಲ್ಲ. ಸಾವಿನ ಮನೆಗೆ ಬಂದು ಅಳದೆ ಹೋಗುವ ಹೆಂಗಸರನ್ನು ತಿರುಮಲಮ್ಮ ಆತಗೂರಿನಲ್ಲಿ ಈವರೆಗೆ ಕಂಡಿರಲಿಲ್ಲ. ಗಂಡನ ತಲೆಯ ಬಳಿ ಕೂತಿದ್ದ ಅವಳು ಕತ್ತು ತಿರುಗಿಸಿ ನೋಡಿದಳು. ಹೋಗುವಾಗ ಆ ಹೆಂಗಸು ಒಂದು ಕೈ ಹಿಂದಕ್ಕೆ ಚಾಚಿದ್ದಳು, ಯಾರನ್ನೋ ನಡೆಸಿಕೊಂಡು ಹೋಗುವಂತೆ. ಕೈಯಲ್ಲಿ ಏನೂ ಇರಲಿಲ್ಲ.

*

ತಿರುಮಲಮ್ಮನ ಗಂಡ ಕಸ್ತೂರಿರಂಗ, ಹೋಬಳಿಯಲ್ಲಿ ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದಾಕು ಹಾಕುವ ನೌಕರಿಯಲ್ಲಿದ್ದವರು. ಸೈಕಲ್ಲಿನ ಹಿಂದೆ ಪೆಟ್ಟಿಗೆ, ತಲೆಯ ತುಂಬ ಅಂಕಿ. ನಿವೃತ್ತಿಯಾದ ಮೇಲೆ ಪೆಟ್ಟಿಗೆ ಹೋಯಿತು, ಅಂಕಿ ಹೋಗಲಿಲ್ಲ.

ಎರಡು ವರ್ಷದ ಹಿಂದೆ ಮಂಡ್ಯದ ಲೈಬ್ರರಿಯಿಂದ ಒಂದು ಕೋಷ್ಟಕ ನಕಲು ಮಾಡಿಕೊಂಡು ಬಂದರು. ಶ್ರೀಮಂತ ದೇಶಗಳು ವೈದ್ಯಕ್ಕೆ ಎಷ್ಟು ಸುರಿಯುತ್ತವೆ ಎನ್ನುವುದು ಒಂದು ಕಡೆ, ವರ್ಷ ತುಂಬುವ ಮೊದಲೇ ಎಷ್ಟು ಮಕ್ಕಳು ಸಾಯುತ್ತವೆ ಎನ್ನುವುದು ಇನ್ನೊಂದು ಕಡೆ. ಎಲೆಯ ಮುಂದೆ ಕೂತು ಸಾರನ್ನ ಆರುತ್ತಿದ್ದರೂ ಓದಿ ಹೇಳಿದರು.

“ನೋಡು ತಿರುಮಲಾ. ಸ್ವೀಡನ್ನಿನಲ್ಲಿ ಸಾವಿರಕ್ಕೆ ಹನ್ನೊಂದು. ಜಪಾನಿನವರು ಖರ್ಚು ಮಾಡೋದು ಕಡಿಮೆ, ಅಲ್ಲಿ ಹನ್ನೆರಡು. ದುಡ್ಡಿನ ಮಳೆ ಸುರಿಸೋ ಅಮೆರಿಕದಲ್ಲಿ ಹತ್ತೊಂಬತ್ತು! ಹಣ ಅಂದ್ರೆ ಹೆಣಾನೂ ಬಾಯಿ ಬಿಡುತ್ತೆ ಅಂತಾರೆ. ಅಷ್ಟು ಸುರಿದರೂ ಸತ್ತ ಕೂಸು ಬಾಯಿ ಬಿಡಲಿಲ್ಲವಲ್ಲ.”

“ನಮ್ಮ ಹೋಬಳೀದು?”

“ಅದೇ ಕಷ್ಟ. ಎಷ್ಟು ಮಕ್ಕಳು ಅಂದ್ರೆ ಬದುಕಿರೋರನ್ನ ಮಾತ್ರ ಹೇಳ್ತಾರೆ. ಹೆಸರಿಡದ ಕೂಸು ಯಾರ ಲೆಕ್ಕಕ್ಕೂ ಇಲ್ಲ. ಅದಕ್ಕೇ ನಾನು ಊರೂರಿಗೆ ಹೋಗಿ ಎಷ್ಟು ಬಾಣಂತನ ಅಂತ ಕೇಳಿ ಬರ್ಕೋತೀನಿ. ಮಕ್ಕಳು ನಾಲ್ಕು ಅಂದವಳು ಬಾಣಂತನ ಏಳು ಅಂತಾಳೆ.”

ತಿರುಮಲಮ್ಮ ಸೌಟು ಹಿಡಿದು ನಿಂತೇ ಇದ್ದಳು. ಅವಳಿಗೆ ಎರಡು ಬಾಣಂತನ, ಮಗ ಒಬ್ಬನೇ. ಮೊದಲನೆಯದು ಹೆಣ್ಣು. ಒಂಬತ್ತನೆಯ ದಿನ ಮೈ ನೀಲಿಗಟ್ಟಿತು, ಹನ್ನೊಂದಕ್ಕೆ ಹೆಸರಿಡಬೇಕಿತ್ತು. ಅತ್ತೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಎಲ್ಲಿ ಹೂತರೆಂದು ಅವಳಿಗೆ ಯಾರೂ ಹೇಳಲಿಲ್ಲ. ಈಗಾದರೂ ಕೇಳುತ್ತಾರೆಂದು ಅವಳು ಕಾದಳು.

ಕಸ್ತೂರಿರಂಗ ಮಜ್ಜಿಗೆ ಕೇಳಿದರು.

*

ಊರೂರಿನ ಹೆಂಗಸರನ್ನು ಕೇಳಿದ ಮನುಷ್ಯ ನನ್ನನ್ನು ಮಾತ್ರ ಕೇಳಲಿಲ್ಲ. ನನ್ನ ಕೂಸನ್ನು ಎಣಿಸಿದ್ದರೋ ಇಲ್ಲವೋ? ಬೆಳಗಿನಿಂದ ತಿರುಮಲಮ್ಮನನ್ನು ಕೊರೆಯುತ್ತಿದ್ದುದು ಇದೊಂದೇ. ಹೆಣ ಎತ್ತಿದರೆ ಉತ್ತರವೂ ಅದರ ಜೊತೆಗೇ ಸುಟ್ಟುಹೋಗುತ್ತಿತ್ತು.

ಹದಿನಾಲ್ಕನೆಯವಳಾಗಿ ಬಂದವಳು ಹನಕೆರೆಯ ಮಂಗಳಮ್ಮ, ವಯಸ್ಸಾದವಳು. ಅವಳೂ ಬಾಗಿ ಪಿಸುಗುಟ್ಟಿದಳು. ತಿರುಮಲಮ್ಮ ತಡೆಯಲಾರದೆ ಅವಳ ಸೆರಗು ಹಿಡಿದಳು. ಮೈಲಿಗೆ, ಮಡಿ ಯಾವುದೂ ನೆನಪಾಗಲಿಲ್ಲ.

“ಏನು ಹೇಳ್ತಿದ್ದೀರಮ್ಮಾ ಎಲ್ಲಾರೂ ಇವರಿಗೆ?”

“ಕೂಸ್ಗೊಳ್ನ ಕರ್ಕೊಂಡ್ ಬಂದಿವ್ನಿ ಅಂದೆ ಕಣವ್ವಾ. ನಮ್ದು ಎರಡು ಸತ್ತೋದೋ. ಎಸರೂ ಇರ್ನಿಲ್ಲ ಅವುಕ್ಕೆ. ಬರ್ಕೊಳಾಕೆ ಎಸರು ಬೇಕು ಅಂತ ಅಯ್ನೋರೇ ಇಟ್ರು. ಎಸರಿಟ್ಟ ಮ್ಯಾಕೆ ಕರುದ್ರೆ ಬತ್ತವೆ. ಇವತ್ತು ಅವ್ರು ಓಯ್ತಾವ್ರಲ್ಲ, ನೋಡ್ಕಂಡ್ ಬರ್ಲಿ ಅಂತ ಕರ್ಕೊಂಡ್ ಬಂದೋ.”

ತಿರುಮಲಮ್ಮ ಅವಳ ಹಿಂದೆ ನೋಡಿದಳು. ಬಿಸಿಲು ಬಿದ್ದ ಬರೀ ನೆಲ.

“ನಮ್ಮದೂ ಒಂದು ಹೋಗಿದೆ,” ಎಂದಳು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. “ಅದನ್ನ ಬರ್ಕೊಂಡಿದ್ರಾ ಇವರು?”

ಮಂಗಳಮ್ಮ ಅವಳನ್ನೇ ನೋಡಿದಳು. “ನಿಮ್ದೇ ಮೊದ್ಲು ಕಣ್ರವ್ವಾ! ಸತ್ತ ಕೂಸಿನ ಮಾತು ಯಾರು ಆಡಾರು? ನಮ್ ಬಾಯಿ ಬುಡ್ಸಾಕೆ ಅವ್ರು ತಮ್ದೇ ಮೊದ್ಲು ಯೋಳೋರು. ರಂಗನಾಯ್ಕಿ. ಒಂಬತ್ತು ದಿನ. ಎಡ್ಗೆನ್ನೆ ಮ್ಯಾಲೆ ಎಳ್ಳುಕಾಳಷ್ಟು ಮಚ್ಚೆ. ಯೋಳ್ತಾ ಯೋಳ್ತಾ ಅತ್ಬುಡೋರು. ನಮ್ ಕಡೆ ಯಾರ್ನ ಕೇಳಿ, ರಂಗನಾಯ್ಕಿ ಗೊತ್ತಿಲ್ದೋರಿಲ್ಲ.”

ಆ ಮಚ್ಚೆ ತನಗೊಬ್ಬಳಿಗೇ ಗೊತ್ತೆಂದು ತಿರುಮಲಮ್ಮ ನಂಬಿದ್ದಳು. ಅವಳಿಗೆ ಉರಿಯಂಥ ಸಿಟ್ಟು ಬಂತು. ಹೋಬಳಿಗೆಲ್ಲ ಗೊತ್ತಿದ್ದ ಹೆಸರು ಹೆತ್ತವಳಿಗೆ ಗೊತ್ತಿಲ್ಲ!

“ನನಗ್ಯಾಕೆ ಹೇಳಲಿಲ್ಲ?”

“ನಿಮ್ಮುನ್ನ ಕೇಳಾಕೆ ಎದ್ರಿಕೆ ಅನ್ನೋರು. ಅವ್ಳು ಮರ್ತವ್ಳೆ, ಯಾಕೆ ಕೆದಕಲಿ ಅನ್ನೋರು.”

ಪುರೋಹಿತ ಪಾರ್ಥಸಾರಥಿ ಹೊತ್ತಾಯಿತೆಂದು ಗಂಟಲು ಸರಿಮಾಡಿಕೊಂಡರು. ತಿರುಮಲಮ್ಮ ಗಂಡನ ಕಿವಿಗೆ ಬಾಗಿದಳು. ಬೈಯಬೇಕೆಂದೇ ಬಾಗಿದ್ದಳು. ಬಾಯಿಂದ ಬಂದದ್ದು ಹೆಸರು.

“ರಂಗನಾಯಕಿ.”

ಅವಳೂ ಅರೆಗಳಿಗೆ ಕಾದಳು. ಹೆಣದ ಮುಖದಲ್ಲಿ ಏನೂ ಕದಲಲಿಲ್ಲ. ಆದರೆ ಅವಳ ಎಡ ಮೊಣಕೈಯ ಒಳಗೆ, ಕೂಸಿನ ತಲೆ ಇಡುವ ಜಾಗದಲ್ಲಿ, ಸಣ್ಣಗೆ ಭಾರವಾಯಿತು.

*

ಗಂಡಸರು ಹೆಣ ಹೊತ್ತುಕೊಂಡು ಹೋದರು. ಮನೆ ತೊಳೆದಾಯಿತು. ತಿರುಮಲಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಹೊರಗೆ ಬಂದಳು. ಬಂದ ಹೆಂಗಸರೆಲ್ಲ ಜಗಲಿಯ ಮೇಲೆ ಕೂತಿದ್ದರು. ಹದಿನಾಲ್ಕೇ ಮಂದಿ, ಆದರೂ ಉದ್ದ ಜಗಲಿ ಬಹುಪಾಲು ತುಂಬಿತ್ತು. ಯಾರೂ ಯಾರಿಗೂ ತಾಗಿ ಕೂತಿರಲಿಲ್ಲ. ಒಬ್ಬೊಬ್ಬಳ ಪಕ್ಕದಲ್ಲೂ ಒಂದಿಷ್ಟು ನೆಲ ಖಾಲಿ; ಬೆಳ್ಳಮ್ಮ ಎಂಬವಳ ಪಕ್ಕದಲ್ಲಿ ಮೂರು ಮೊಳ.

ಮಂಗಳಮ್ಮ ಕೊನೆಯಲ್ಲಿ ಕೂತಿದ್ದಳು. ತಿರುಮಲಮ್ಮ ಅವಳ ಆಚೆ ಪಕ್ಕಕ್ಕೆ ಹೋಗಿ ಕೂತಳು.

“ಒಸಿ ಅತ್ಲಾಗೆ ಸರೀರವ್ವಾ,” ಎಂದಳು ಮಂಗಳಮ್ಮ ಮೆಲ್ಲಗೆ. “ಮದ್ಯೆ ಜಾಗ ಬುಡಿ ಅವ್ಳಿಗೆ.”

ತಿರುಮಲಮ್ಮ ಒಂಬತ್ತು ದಿನದ ಕೂಸಿಗೆ ಸಾಕಾಗುವಷ್ಟು ಸರಿದಳು. ಆಮೇಲೆ ಏನೋ ಯೋಚಿಸಿ, ಸೆರಗು ಒಟ್ಟುಮಾಡಿಕೊಂಡು, ಮೂವತ್ತೆಂಟು ವರ್ಷದ ಹೆಂಗಸೊಬ್ಬಳು ಕೂರುವಷ್ಟು ಸರಿದಳು.