ಸೈತಾನನ ಹೆಸರಿಗೆ ಬಂದ ಕಾಗದಗಳು

ನಮ್ಮ ಕಾವ್ಯವಾಚನ ಕಾರ್ಯಕ್ರಮದ ಎರಡನೇ ಕಂತು ಪ್ರಸಾರವಾದ ವಾರ ರೇಡಿಯೊ ನಿಲಯಕ್ಕೆ ಎರಡು ಕಾಗದ ಬಂದವು. ಎರಡೂ ಸೈತಾನನನ್ನು ಹೊಗಳಿ ಬರೆದವು. ದೇವರ ಬಗ್ಗೆ ಯಾರೂ ಒಂದಕ್ಷರ ಬರೆದಿರಲಿಲ್ಲ.

ದೇವರ ಪಾತ್ರ ಓದುತ್ತಿದ್ದವರು ನಮ್ಮ ನಿಲಯದ ಅತ್ಯಂತ ಹಿರಿಯ ಕಲಾವಿದರು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಗುಡುಗಪ್ಪ ಎನ್ನುತ್ತಿದ್ದೆವು. ಟೀ ಕೇಳಿದರೂ ಅಪ್ಪಣೆ ಹೊರಡಿಸಿದಂತೆ ಕೇಳಿಸುವ ದನಿ. ಅವರು ಕಾಗದಗಳನ್ನು ನಿಂತಲ್ಲೇ ಓದಿ, ಮಡಿಚಿ, ಗಾಜಿನ ಆಚೆ ಯಂತ್ರಗಳ ಮುಂದೆ ಕೂತಿದ್ದ ನನ್ನ ಕಡೆ ನೋಡಿದರು. ಇಪ್ಪತ್ತೆರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತು ದನಿ ಮುದ್ರಿಸುವ ಕೆಲಸ ನನ್ನದು. ಆ ನೋಟದ ಅರ್ಥ ನನಗಾಗದೆ ಇರಲಿಲ್ಲ.

"ನೋಡಮ್ಮ, ನನ್ನ ಮೈಕು ಇಳಿಸ್ತಿದ್ದೀಯಾ?"

"ಎಲ್ಲರದ್ದೂ ಹದಕ್ಕೆ ತರ್ತೀನಿ ಸರ್. ನಿಮ್ಮದನ್ನ ಹಾಗೇ ಬಿಟ್ರೆ ದನಿ ಅಳೆಯೋ ಮುಳ್ಳು ಕೆಂಪು ಗೆರೆ ದಾಟುತ್ತೆ."

"ಅಂದ್ರೆ ಇಳಿಸ್ತಿದ್ದೀಯ."

ಅಲ್ಲಿಂದ ಶುರುವಾಯಿತು.

ನಾವು ಮುದ್ರಿಸುತ್ತಿದ್ದದ್ದು ಒಂದು ಹಳೆಯ ಮಹಾಕಾವ್ಯ, ರೇಡಿಯೊಗೆಂದೇ ಮಾಡಿಸಿದ, ಎಲ್ಲೂ ಅಚ್ಚಾಗದ ಕನ್ನಡ ಅನುವಾದದಲ್ಲಿ. ದೇವರ ಆಸ್ಥಾನದಲ್ಲಿ ಹಾಡುಗಾರರ ಮುಖ್ಯಸ್ಥನಾಗಿದ್ದ ದೇವದೂತ ಒಂದು ದಿನ ತಿರುಗಿಬೀಳುತ್ತಾನೆ. ಸೋತು, ತನ್ನ ಜೊತೆಗಾರರೊಂದಿಗೆ ಪಾತಾಳಕ್ಕೆ ಬೀಳುತ್ತಾನೆ, ಸೈತಾನನಾಗುತ್ತಾನೆ. ಕತೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಕವಿ ಆ ಸೈತಾನನಿಗೆ ಕೊಟ್ಟಿದ್ದ ಮಾತುಗಳೇ ಬೇರೆ ಥರದವು. ಬಿದ್ದ ಮೇಲೆ ಅವನು ಮೊದಲು ಕೂಗುವುದು ಸೇಡಿಗಲ್ಲ, ಯಾರಿಗೆ ಎಷ್ಟು ಪೆಟ್ಟಾಗಿದೆ ಎಂದು ಕೇಳಲು. ಅವನಿಗೆ ಅನುಮಾನಗಳಿವೆ, ನಾಚಿಕೆಯಿದೆ. ಅಹಂಕಾರವಂತೂ ಬೆಟ್ಟದಷ್ಟಿದೆ. ದೇವರು ಮಾತ್ರ ಬಂದಾಗಲೆಲ್ಲ ತೀರ್ಪು ಹೇಳಿ ಹೋಗುತ್ತಾನೆ.

ಸೈತಾನನ ಪಾತ್ರಕ್ಕೆ ಗೊತ್ತುಮಾಡಿದ್ದ ನಟನಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಬೇರೆ ದಾರಿ ಕಾಣದೆ ನಿರ್ದೇಶಕಿ ಮೇಡಂ ಹವಾಮಾನ ವರದಿ ಓದುವವನನ್ನು ಕರೆಸಿದರು. ಅವನನ್ನು ನಾವು ತುಂತುರು ಎಂದು ಕರೆಯುತ್ತಿದ್ದೆವು, ಅವನೆದುರಿಗೇ. ಸಣಕಲು ಮನುಷ್ಯ, ಸಣ್ಣ ದನಿ. ಗುಡುಗಪ್ಪ ಮೊದಲ ದಿನ ಅವನ ಬೆನ್ನು ತಟ್ಟಿ, "ಹೆದರಬೇಡಪ್ಪ, ನಾನಿದ್ದೀನಿ" ಎಂದಿದ್ದರು. ತುಂತುರು ಓದಲು ಶುರುಮಾಡಿದ. ಜೋರು ಮಾಡಲಿಲ್ಲ, ನಗಾಡಲಿಲ್ಲ, ಪಕ್ಕದ ಕುರ್ಚಿಯವನಿಗೆ ತನ್ನ ಕಷ್ಟ ಹೇಳಿಕೊಳ್ಳುವಂತೆ ಓದಿದ. ನಾನು ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡೆ.

ಕಾಗದಗಳು ನಿಲ್ಲಲಿಲ್ಲ. ವಾರಕ್ಕೊಂದು, ಕೆಲವೊಮ್ಮೆ ಎರಡು. ಒಬ್ಬಳು ಶಾಲೆಯ ಶಿಕ್ಷಕಿಯಂತೆ, ಇನ್ನೊಬ್ಬಳು ನಿವೃತ್ತ ನರ್ಸ್, ಮತ್ತೊಬ್ಬ ಗಡಿಯಾರ ರಿಪೇರಿ ಮಾಡುವವ. 'ಸೈತಾನ ಮಾಡಿದ್ದು ತಪ್ಪು. ಆದರೆ ತಪ್ಪು ಮಾಡಿದವನ ಮಾತನ್ನು ಇಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ' ಎಂದು ಒಂದರಲ್ಲಿತ್ತು. ಗುಡುಗಪ್ಪ ಪ್ರತಿಯೊಂದನ್ನೂ 'ಪರೀಕ್ಷೆ ಮಾಡಬೇಕು' ಎಂದು ಮನೆಗೆ ಒಯ್ಯುತ್ತಿದ್ದರು.

ನನ್ನ ಮೇಲಿನ ಅನುಮಾನ ಮೂರು ವಾರ ಇತ್ತು. ದನಿ ಏರಿಸಿ ಇಳಿಸುವ ಗುಂಡಿಯ ಪಕ್ಕ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದರು. ಮೈಕುಗಳನ್ನು ಅದಲು ಬದಲು ಮಾಡಿಸಿದರು. ಆಮೇಲೆ ಅನುಮಾನ ಮೇಡಂ ಮೇಲೆ ತಿರುಗಿತು. ಒಂದು ಬುಧವಾರ ಸಾಲುಗಳನ್ನು ಎಣಿಸಿಕೊಂಡೇ ಬಂದರು.

"ಸೈತಾನನಿಗೆ ನನ್ನ ಮೂರರಷ್ಟು ಸಾಲು! ಯಾರು ಸೇರಿಸಿದ್ದು?"

"ಕವಿ ಸರ್," ಎಂದರು ಮೇಡಂ. "ಮೂಲದಲ್ಲೇ ಹಾಗಿದೆ."

"ಹಾಗಾದ್ರೆ ಕವಿ ಮೇಲೂ ನನಗೆ ಅನುಮಾನಾನೇ. ದೇವರ ಕಡೆ ಇದ್ದೀನಿ ಅಂತ ಮೊದಲ ಪುಟದಲ್ಲಿ ಕೈಮುಗೀತಾನೆ. ಆಮೇಲೆ ಒಳ್ಳೇ ಮಾತೆಲ್ಲ ಅವನಿಗೆ ಬಡಿಸ್ತಾನೆ."

"ಒಳ್ಳೇ ಮಾತು ಕೊಡದಿದ್ರೆ ಅಷ್ಟೊಂದು ದೇವದೂತರು ಅವನ ಹಿಂದೆ ಹೋಗಿದ್ದು ಹೇಗೆ ಸರ್? ನಾವೂ ಎರಡು ಹೆಜ್ಜೆ ಅವನ ಹಿಂದೆ ಹೋಗಿ ವಾಪಸ್ ಬರಬೇಕು. ಆಗ ತಾನೇ ಗೊತ್ತಾಗೋದು."

"ಎರಡು ಹೆಜ್ಜೆ ಹೋದವರು ಕಾಗದ ಬರೀತಾ ಅಲ್ಲೇ ಕೂತಿದ್ದಾರಲ್ಲ!"

ತುಂತುರು ಮೂಲೆಯಲ್ಲಿ ಕೂತು ನೀರು ಕುಡಿಯುತ್ತಿದ್ದ. "ಅವನು ಸರಿ ಅಂತ ನಾನು ಓದ್ತಿಲ್ಲ ಸರ್," ಎಂದ ಮೆಲ್ಲಗೆ. "ಅವನಿಗೆ ನೋವಾಗಿದೆ ಅಂತ ಅಷ್ಟೇ ಓದ್ತೀನಿ."

ಗುಡುಗಪ್ಪ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅನುಮಾನ ಹೊಸ ಮನೆ ಹುಡುಕಿಕೊಂಡದ್ದು ನನಗೆ ಕಾಣಿಸಿತು.

ಹತ್ತನೇ ಕಂತಿನ ಮುದ್ರಣದ ದಿನ ಅವರು ಕಾಗದಗಳನ್ನೆಲ್ಲ ತಂದು ಸ್ಟುಡಿಯೊದ ಮೇಜಿನ ಮೇಲೆ ಹರವಿದರು. ಒಟ್ಟು ಹದಿಮೂರು. ಅದರಲ್ಲೊಂದನ್ನು ಎತ್ತಿ ಹಿಡಿದರು. ಗಡಿಯಾರದವನ ಕಾಗದ.

"ಇವನಿಗೆ ಬಹಳ ಹಿಡಿಸಿದ ಸಾಲು ಯಾವುದಂತೆ, ಕೇಳಿ." ತಮ್ಮ ದೇವರ ದನಿಯಲ್ಲೇ ಓದಿದರು:

"ಏಳಲಾಗುವುದೇ ಗೆಳೆಯ? ಇಗೋ ನನ್ನ ಹೆಗಲು.
'ಬೀಳಿಸಿದವನು ನೀನೇ' ಎಂದು ನನ್ನ ಬೈಯುತ್ತಲೇ ಏಳು."

ಮೇಡಂ ತಟ್ಟನೆ ನನ್ನ ಕಡೆ ನೋಡಿದರು. ಆರನೇ ಕಂತು ನಲವತ್ತು ಸೆಕೆಂಡು ಉದ್ದವಾಗಿದೆಯೆಂದು ಮುದ್ರಣದ ದಿನವೇ ಆ ಎರಡು ಸಾಲು ಕತ್ತರಿಸಿದ್ದೆವು. ಅವು ಪ್ರಸಾರವೇ ಆಗಿರಲಿಲ್ಲ.

"ಗಾಳಿಗೇ ಹೋಗದ ಸಾಲನ್ನ ಹೊರಗಿನವನು ಕೇಳಿದ್ದೆಲ್ಲಿ? ಹಸ್ತಪ್ರತಿ ಇರೋದು ನಾಲ್ಕು ಜನರ ಹತ್ತಿರ. ಮೇಡಂ ಬರೆಯೋರಲ್ಲ. ಈಕೆಗೆ ಪುರುಸೊತ್ತಿಲ್ಲ. ನಾನು ನನಗೇ ಬೈದು ಬರ್ಕೊಳ್ಳಲ್ಲ." ತುಂತುರುವಿನ ಕಡೆ ತಿರುಗಿದರು. "ನಿನ್ನನ್ನ ನೀನೇ ಹೊಗಳ್ಕೊಂಡು ಹದಿಮೂರು ಕಾಗದ ಬರೆಯೋಕೆ ನಾಚಿಕೆ ಆಗಲಿಲ್ವೇನಯ್ಯ?"

ತುಂತುರು ಎದ್ದು ನಿಂತ. ನಾವು ಯಾರಾದರೂ ಮಾತಾಡುತ್ತೇವೇನೋ ಎಂದು ಕಾದ. ಮೇಡಂ ನೆಲ ನೋಡುತ್ತಿದ್ದರು. ನಾನೂ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೂ ಅವನ ಮೇಲೆಯೇ ಅನುಮಾನ ಬಂದಿತ್ತು. ಆದರೂ ಆ ದಿನದ ಭಾಗವನ್ನು ಅವನು ಓದಿ ಮುಗಿಸಿದ, ಒಂದು ತಪ್ಪೂ ಇಲ್ಲದೆ. ಆಮೇಲೆ ತನ್ನ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟ.

"ಕಳ್ಳ ಅನ್ನಿಸಿಕೊಂಡ ಬಾಯಲ್ಲಿ ಇನ್ನು ಇದನ್ನ ಓದಲ್ಲ," ಎಂದು ಹೊರಟುಹೋದ.

ಎಲ್ಲರೂ ಹೋದ ಮೇಲೆ ಮೇಜು ಎತ್ತಿಡುತ್ತಿದ್ದೆ. ಗುಡುಗಪ್ಪ ಸಿಟ್ಟಿನಲ್ಲಿ ತಮ್ಮ ಹಸ್ತಪ್ರತಿಯನ್ನೂ ಕಾಗದಗಳನ್ನೂ ಅಲ್ಲೇ ಬಿಟ್ಟಿದ್ದರು. ತಿರುವಿ ನೋಡಿದೆ. ದೇವರ ಸಾಲುಗಳ ಕೆಳಗೆ ಅವರ ದಪ್ಪ ಕೆಂಪು ಗೆರೆ. ಅದು ಸರಿ. ಆದರೆ ಸೈತಾನನ ಸಾಲುಗಳ ಮೇಲೂ ಗುರುತುಗಳಿದ್ದವು. ತೆಳ್ಳನೆಯ ಪೆನ್ಸಿಲಿನಲ್ಲಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಬೇಕು ಎಂದು. ಅಂಚಿನಲ್ಲಿ ಒಂದು ಕಡೆ 'ನಿಲ್ಲು, ಅತ್ತುಬಿಡಬೇಡ' ಎಂದು ಬರೆದಿತ್ತು, ಗುಡುಗಪ್ಪನವರದಲ್ಲದ ಅಕ್ಷರದಲ್ಲಿ. ಒತ್ತಕ್ಷರದ ಬಾಲವನ್ನು ಮುಂದಿನ ಅಕ್ಷರದ ಕೆಳಗಿನವರೆಗೂ ಎಳೆದಿತ್ತು. ಕಾಗದಗಳನ್ನು ಮತ್ತೆ ಹರವಿದೆ. ಶಿಕ್ಷಕಿ, ನರ್ಸ್, ಗಡಿಯಾರದವ ಒಬ್ಬೊಬ್ಬರದೂ ಒಂದೊಂದು ಶಾಯಿ, ಒಂದೊಂದು ವಾಲು. ಬಾಲ ಮಾತ್ರ ಈ ಮೂವರದೂ ಒಂದೇ.

ಹಸ್ತಪ್ರತಿ ಹಿಂತಿರುಗಿಸುವ ನೆಪದಲ್ಲಿ ಮರುದಿನ ಮಧ್ಯಾಹ್ನ ಗುಡುಗಪ್ಪನವರ ಮನೆಗೆ ಹೋದೆ. ಅವರು ಹಲ್ಲಿನ ವೈದ್ಯರ ಬಳಿ ಹೋಗಿದ್ದರು. ಬಾಗಿಲು ತೆರೆದದ್ದು ಅವರ ಹೆಂಡತಿ. ನಾವು ಅಕ್ಕ ಎನ್ನುತ್ತೇವೆ. ವರ್ಷಕ್ಕೊಮ್ಮೆ ನಿಲಯದ ಸಮಾರಂಭಕ್ಕೆ ಬಂದು ಕೊನೆಯ ಸಾಲಿನಲ್ಲಿ ಕೂತು ಹೋಗುವವರು. ಇಸ್ತ್ರಿ ಮಾಡುತ್ತಿದ್ದರು. ನಾನು ಹಸ್ತಪ್ರತಿಯನ್ನು ಪೆನ್ಸಿಲಿನ ಗುರುತಿದ್ದ ಪುಟಕ್ಕೇ ತೆರೆದು ಮೇಜಿನ ಮೇಲಿಟ್ಟೆ.

ಅಕ್ಕ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತರು. "ಸಿಕ್ಕಿಬಿದ್ದೆ ಅನ್ನು."

"ಆ ಹುಡುಗ ಬಿಟ್ಟು ಹೋದ ಅಕ್ಕ. ಆರನೇ ಕಂತಿಂದ ಕತ್ತರಿಸಿದ್ದ ಸಾಲು ಗಡಿಯಾರದವನ ಕಾಗದದಲ್ಲಿತ್ತು ಅಂತ, ಎಲ್ಲರೆದುರು ಕಳ್ಳ ಅನ್ನಿಸಿಕೊಂಡು."

ಅದು ಅವರಿಗೆ ಗೊತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಅಂಗಿಯ ಕಾಲರನ್ನು ಸವರುತ್ತಾ ಹೇಳತೊಡಗಿದರು.

"ಇವರು ಮನೇಲಿ ಅಭ್ಯಾಸ ಮಾಡ್ತಾರಲ್ಲ, ಎದುರಿನ ಪಾತ್ರ ನಾನೇ ಓದಬೇಕು. ಮೂವತ್ತೊಂದು ವರ್ಷದಿಂದ. ರಾಜನ ಮುಂದೆ ಸೇವಕ, ನ್ಯಾಯಾಧೀಶನ ಮುಂದೆ ಅಪರಾಧಿ. ಈ ಸಲ ಸೈತಾನ ಸಿಕ್ಕಿದ. ಓದ್ತಾ ಓದ್ತಾ ಬಾಯಿಪಾಠ ಆಗಿಹೋಯ್ತು. ರೇಡಿಯೋಲಿ ಆ ಹುಡುಗ ಓದಿದ್ದು ಕೇಳಿ ನಿಜವಾಗ್ಲೂ ಮನಸ್ಸಿಗೆ ಹಿಡೀತು ಕಣೇ. ಒಂದು ಕಾಗದ ಹಾಕಿದೆ. ನನ್ನ ಹೆಸರು ಹಾಕಿದ್ರೆ ಇವರು ಮನೆ ಹಾರಿಸಿಬಿಡ್ತಾರೆ ಅಂತ ಬೇರೆ ಹೆಸರು ಹಾಕಿದೆ."

"ಒಂದು ಸರಿ. ಆಮೇಲಿನವು?"

"ಆ ಕಾಗದ ಮನೆಗೆ ತಂದ್ರು. ಊಟಕ್ಕೆ ಕೂತಾಗ ನನಗೇ ಓದಿ ಹೇಳಿದ್ರು. ಸಿಟ್ಟಲ್ಲೇ, ಆದ್ರೆ ಪೂರ್ತಿ. ನಾನಾಡಿದ ಮಾತನ್ನ ಅವರು ಮೊದಲಿಂದ ಕೊನೇವರೆಗೆ ಕೇಳಿದ್ದು ಅದೇ ಮೊದಲು. 'ಹೀಗಂತಾಳೆ ನೋಡು, ಯಾಕೆ ಹೀಗಂದ್ಲು ಹೇಳು' ಅಂತ ಅರ್ಧ ಗಂಟೆ ನನ್ನ ಜೊತೆ ವಾದ ಮಾಡಿದ್ರು. ಅದಕ್ಕೇ ಇನ್ನೊಂದು ಬರೆದೆ." ಸ್ವಲ್ಪ ನಕ್ಕರು. "ಆರನೇ ಕಂತಿನ ದಿನ ಮನೆ ತುಂಬ ನೆಂಟರು. ರೇಡಿಯೊ ಕೇಳೋಕಾಗ್ಲಿಲ್ಲ. ಅಂದಾಜಿನ ಮೇಲೆ ಬರೆದೆ. ಅಲ್ಲೇ ಎಡವಿದೆ."

"ಈಗ ಏನ್ ಮಾಡ್ತೀರಿ?"

"ಏನ್ ಮಾಡೋದು. ಹೇಳೋದು."

ಅಂದು ಸಂಜೆಯೇ ಅಕ್ಕ ತುಂತುರುವಿನ ಮನೆಗೆ ಹೋಗಿ ಮೆಟ್ಟಿಲ ಮೇಲೇ ನಿಂತು ಎಲ್ಲ ಒಪ್ಪಿಕೊಂಡರಂತೆ. ಅವನು ಕೂರಿಸಿ ನೀರು ಕೊಟ್ಟ, ಅವರ ಮೇಲೆ ಸಿಟ್ಟಿಲ್ಲ ಎಂದ. ಆದರೆ ಕೊನೆಯ ಕಂತು ಓದಲು ಮಾತ್ರ ಒಪ್ಪಲಿಲ್ಲ. "ಅವರು ಅಂದಿದ್ದಕ್ಕಿಂತ ನೀವೆಲ್ಲ ಸುಮ್ಮನಿದ್ದಿದ್ದು ಜಾಸ್ತಿ ನೋವಾಯ್ತು," ಎಂದು ಆಮೇಲೆ ನನಗೂ ಹೇಳಿದ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಕೊನೆಯ ಕಂತಿನ ಮುದ್ರಣಕ್ಕೆ, ಗುಡುಗಪ್ಪ ಬಂದರು, ಹಿಂದೆಯೇ ಅಕ್ಕ. ಮನೆಯಲ್ಲಿ ಹೇಳಿದರೆ ಅದು ಮನೆಯಲ್ಲೇ ಉಳಿಯುತ್ತದೆ ಎಂದು ಅಕ್ಕ ಇಲ್ಲಿಗೇ ಬಂದಿದ್ದರು. ಮೇಡಂ ಮತ್ತು ನನ್ನ ಎದುರಿಗೆ, ಸ್ಟುಡಿಯೊದ ಮಧ್ಯೆ ನಿಂತು, "ರೀ, ಆ ಕಾಗದ ಬರೆದಿದ್ದು ನಾನು," ಎಂದರು.

ಗುಡುಗಪ್ಪ ನಕ್ಕರು. ಆಮೇಲೆ ನಗು ನಿಂತಿತು. "ಹದಿಮೂರೂ?"

"ಒಂಬತ್ತು. ಉಳಿದ ನಾಲ್ಕು ನನ್ನವಲ್ಲ."

"ಮತ್ತೆ ಯಾರವು?"

"ನನಗೇನು ಗೊತ್ತು? ಯಾರಿಗೋ ಇಷ್ಟ ಆಗಿರಬೇಕು."

ಅವರು ಕೂತುಬಿಟ್ಟರು. ಮೊದಲು ಹೆಂಡತಿಯನ್ನು, ಆಮೇಲೆ ಮೇಡಂ ಅವರನ್ನು, ಕೊನೆಗೆ ನನ್ನನ್ನು ನೋಡಿದರು. ಎಲ್ಲರೂ ಸೇರಿ ಮಾಡಿದ ಸಂಚು ಇದಿರಬಹುದೇ ಎಂದು ಆ ಕಣ್ಣು ಇನ್ನೂ ಹುಡುಕುತ್ತಿತ್ತು. ಭಾನುವಾರದ ಪ್ರಸಾರಕ್ಕೆ ಸೈತಾನನೇ ಇರಲಿಲ್ಲ. ಮೇಡಂ ಎರಡು ಸಲ ಗಡಿಯಾರ ನೋಡಿ ಅಕ್ಕನ ಕಡೆ ತಿರುಗಿದರು.

"ನಿಮಗೆ ಬಾಯಿಪಾಠ ಇದೆಯಂತಲ್ಲ?"

"ಹೆಂಗಸಿನ ದನೀಲಿ ಸೈತಾನನಾ?" ಎಂದರು ಗುಡುಗಪ್ಪ.

"ದೇವದೂತನಿಗೆ ಗಂಡು ಹೆಣ್ಣು ಅಂತ ಕವಿ ಎಲ್ಲೂ ಬರೆದಿಲ್ಲ ಸರ್."

ಅಕ್ಕ ಎದುರಿನ ಕುರ್ಚಿಯಲ್ಲಿ ಕೂತರು. ಅವರು ಹಿಡಿದಿದ್ದ ಹಾಳೆ ಮೈಕಿನಲ್ಲಿ ಸರಸರ ಎನ್ನುತ್ತಿತ್ತು. ಹಾಳೆಯನ್ನು ಮೇಜಿನ ಮೇಲಿಡಲು ಹೇಳಿ ಕೆಂಪು ದೀಪ ಹಾಕಿದೆ.

ಕೊನೆಯ ಭಾಗದಲ್ಲಿ ಸೈತಾನ ಯಾರಿಗೂ ಕಾಣದಂತೆ ಸ್ವರ್ಗದ ಬಾಗಿಲವರೆಗೆ ಬರುತ್ತಾನೆ. ಒಳಗೆ ತಾನೇ ಕಟ್ಟಿದ ಹಾಡನ್ನು ಹಾಡುತ್ತಿರುತ್ತಾರೆ. ಅಕ್ಕ ಓದಿದರು:

"ಒಳಗದೇ ಹಾಡು. ನಾ ಕಟ್ಟಿದ ಹಾಡು.
ನನ್ನ ದನಿಯಿದ್ದ ಎಡೆಯಲ್ಲಿ ಈಗ
ಯಾರ ದನಿ ಕೂತಿದೆ? ಕೇಳಿದೆಯಾ ನೀನು,
ಕಡಿಮೆಯಾದದ್ದು?"

ತುಂತುರುವಿನ ಹಾಗೆ ಓದಲಿಲ್ಲ. ದನಿ ಒಣಗಿತ್ತು, ಎರಡು ಕಡೆ ಮುಗ್ಗರಿಸಿತು. ಆದರೆ ಆ ಪ್ರಶ್ನೆ ಕೇಳಿ ತಲೆ ಎತ್ತಿದರು, ಉತ್ತರ ಬೇಕು ಎನ್ನುವವರ ಹಾಗೆ. ಕಾವ್ಯದಲ್ಲಿ ದೇವರು ಅದಕ್ಕೆ ಉತ್ತರ ಕೊಡುವುದಿಲ್ಲ. ನೇರವಾಗಿ ತೀರ್ಪಿಗೆ ಹೋಗುತ್ತಾನೆ. ಗುಡುಗಪ್ಪನವರ ಬೆರಳು ಆ ಸಾಲಿನ ಮೇಲೆಯೇ ಇತ್ತು. ಅವರು ಓದಲಿಲ್ಲ. ಮೇಡಂ ನನ್ನ ತೋಳು ಹಿಡಿದರು. ನಾನು ಯಂತ್ರ ನಿಲ್ಲಿಸಲಿಲ್ಲ. ಹನ್ನೊಂದು ಸೆಕೆಂಡು. ಆಮೇಲೆ ಅವರು ತೀರ್ಪು ಓದಿದರು, ಎಂದಿನ ಗುಡುಗಿನಲ್ಲೇ. ಆದರೆ ಮೊದಲ ಪದ ಸರಿಯಾಗಿ ಹೊರಡಲಿಲ್ಲ.

ದೀಪ ಆರಿದ ಮೇಲೂ ಇಬ್ಬರೂ ಏಳಲಿಲ್ಲ. ಮೈಕುಗಳು ತೆರೆದೇ ಇದ್ದವು. ಕೇಳಬಾರದಿತ್ತು, ಕೇಳಿಸಿತು.

"ಮನೇಲೂ ಹೀಗೇ ಓದ್ತಿದ್ದೆಯಾ?"

"ಹೀಗೇ."

"ನನಗೆ ಕೇಳಿಸಿರಲಿಲ್ಲ."

"ನಿಮ್ಮ ಸಾಲು ಯಾವಾಗ ಬರುತ್ತೆ ಅಂತ ಕಾಯ್ತಿದ್ರಲ್ಲ."

ನಾನು ಮೈಕು ಮುಚ್ಚಿದೆ.

ಹನ್ನೊಂದು ಸೆಕೆಂಡಿನ ಮೌನವನ್ನು ಕತ್ತರಿಸಬೇಕೇ ಎಂದು ಮೇಡಂ ಬಹಳ ಯೋಚಿಸಿದರು. ಕೊನೆಗೆ ಹಾಗೇ ಬಿಟ್ಟರು. ಗುಡುಗಪ್ಪ ಹೊರಡುವ ಮುಂಚೆ ಹವಾಮಾನದ ಕೋಣೆಯ ಬಾಗಿಲಲ್ಲಿ ನಿಂತು, "ತಪ್ಪಾಯ್ತಪ್ಪ," ಎಂದರು. ಇಡೀ ಕಾರಿಡಾರಿಗೆ ಕೇಳಿಸಿತು. ತುಂತುರು "ಆಯ್ತು ಸರ್" ಎಂದ. ಎದ್ದು ನಿಲ್ಲಲಿಲ್ಲ. ಈಗಲೂ ಎದುರಾದರೆ ಇಬ್ಬರೂ ತಲೆಯಾಡಿಸುತ್ತಾರೆ, ಅಷ್ಟೇ.

ಅವತ್ತು ಎರಡು ಗಂಟೆಗೆ ಅವನ ವರದಿಯ ಮುದ್ರಣಕ್ಕೆ ನಾನೇ ಕೂತೆ. ಓದಿ ಮುಗಿಸಿ ಅವನು ಹಾಳೆ ಮಡಿಚುತ್ತಾ ಕೇಳಿದ, "ಅಕ್ಕ ಹೇಗೆ ಓದಿದ್ರು?"

"ಚೆನ್ನಾಗಿ ಓದಿದ್ರು."

"ನನಗಿಂತ?"

"ಬೇರೆ ಥರ."

ಗಾಜಿನ ಆಚೆಯಿಂದ ಅವನು ನನ್ನ ಮುಖವನ್ನೇ ನೋಡಿದ. ನಾನು ನಿಜ ಹೇಳುತ್ತಿದ್ದೇನೋ ಇಲ್ಲವೋ ಎಂದು ಅಳೆಯುತ್ತಿದ್ದ. ಹಾಗೆ ನೋಡುವ ಹಕ್ಕು ಅವನಿಗಿತ್ತು. ನಾನು ಕಣ್ಣು ತಪ್ಪಿಸಲಿಲ್ಲ.